ಯಶವಂತಪುರದಲ್ಲೇ ಇಳಿದು ಹಿಂದಿರುಗುವ ಹಾಸನದವರು ಪೂರ್ವ ಬೆಂಗಳೂರನ್ನು ಎಲ್ಲಿಂದ ನೋಡಲು ಶುರುಮಾಡಬೇಕು?

ಪ್ರಶ್ನೆ: ಹಾಸನದ ನಿವೃತ್ತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ನಲವತ್ತು ವರ್ಷಗಳಿಂದ ಬೆಂಗಳೂರಿಗೆ ಹೋಗಿಬರುತ್ತಿದ್ದರೂ ನನಗೆ ಗೊತ್ತಿರುವ ಬೆಂಗಳೂರು ಎಂದರೆ ನೆಲಮಂಗಲ ದಾಟಿದ ಮೇಲೆ ಸಿಗುವ ದಾಸರಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಅಲ್ಲಿಂದ ಒಳಕ್ಕೆ ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ, ಇಷ್ಟೇ. ಬಸ್ಸಿನ ದಾರಿಯೂ ಇದೇ; 2017ರಲ್ಲಿ ಕುಣಿಗಲ್ ಮೇಲಿನ ರೈಲು ಮಾರ್ಗ ಆದ ಮೇಲೂ ನಾವು ಇಳಿಯುವುದು ಯಶವಂತಪುರದಲ್ಲಿಯೇ. ನೆಂಟರಿಷ್ಟರೆಲ್ಲ ಆ ಭಾಗದಲ್ಲಿಯೇ ಇರುವುದರಿಂದ ಮೆಜೆಸ್ಟಿಕ್ಕಿನ ಆಚೆಗೆ ಕಾಲಿಡುವ ಸಂದರ್ಭ ಬರಲೇ ಇಲ್ಲ.

ಹೋದ ವರ್ಷ ಮಗಳು ಕುಂದಲಹಳ್ಳಿಯಲ್ಲಿ ಮನೆ ಮಾಡಿದಳು. ಈಗ ತಿಂಗಳಿಗೊಮ್ಮೆ ನಾನೂ ನಮ್ಮ ಮನೆಯವರೂ ಹೋಗಿ ನಾಲ್ಕು ದಿನ ಇದ್ದು ಬರುತ್ತೇವೆ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟುಬಿಟ್ಟರೆ ಹನ್ನೊಂದನೆಯ ಮಹಡಿಯಲ್ಲಿ ಕುಳಿತು ಎದುರಿನ ಗಾಜಿನ ಕಟ್ಟಡಗಳನ್ನು ಎಣಿಸುವುದಷ್ಟೇ ನಮಗೆ ಉಳಿಯುವ ಕೆಲಸ. ಕೆಳಗಿನ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೋದರೆ ನಾನು ಕನ್ನಡದಲ್ಲಿ ಕೇಳುತ್ತೇನೆ, ಅಂಗಡಿಯವನು ತೆಲುಗು ಬೆರೆಸಿ ಬೆಲೆ ಹೇಳುತ್ತಾನೆ, ಪಕ್ಕದಲ್ಲಿ ನಿಂತ ಗಿರಾಕಿ ಹಿಂದಿಯಲ್ಲಿ ಚೌಕಾಸಿ ಮಾಡುತ್ತಾನೆ. ಇದೆಲ್ಲ ಕಂಪ್ಯೂಟರ್ ಕಂಪನಿಗಳು ಬಂದ ಮೇಲಿನ ಕಥೆ, ಅದಕ್ಕೂ ಮೊದಲು ಈ ಕಡೆ ರಾಗಿ ಹೊಲವಲ್ಲದೆ ಏನೂ ಇರಲಿಲ್ಲ ಎಂದು ನಮ್ಮ ಅಳಿಯಂದಿರು ಹೇಳುತ್ತಾರೆ. ನನಗೇಕೋ ಅದು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಆದ್ದರಿಂದ ಆ ಭಾಗದಲ್ಲಿ ವಾಸವಾಗಿರುವ ನಮ್ಮ ಜಿಲ್ಲೆಯವರನ್ನು ಕೇಳುತ್ತಿದ್ದೇನೆ. ಪೂರ್ವದ ಬಡಾವಣೆಗಳನ್ನು ಎರಡು ಮೂರು ದಿನಗಳಲ್ಲಿ ಯಾವ ಕ್ರಮದಲ್ಲಿ ನೋಡಿದರೆ ಅಲ್ಲಿ ಇಷ್ಟೊಂದು ಬಗೆಯ ಜನ ಏಕೆ ಸೇರಿದರು ಎಂಬುದು ಅರ್ಥವಾದೀತು? ಮಾಲ್‌ಗಳು ಬೇಡ. ಮೆಟ್ರೊ ಹತ್ತಲು ಅಡ್ಡಿಯಿಲ್ಲ. ಆದರೆ ಮನೆಯವರಿಗೆ ಮಂಡಿನೋವು ಇರುವುದರಿಂದ ದಿನಕ್ಕೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾಗದು.

ಉತ್ತರ 1: ಆಲೂರಿನವ, ಈಗ ವಿಮಾನಪುರ

ಮೇಷ್ಟ್ರೇ, ನಿಮ್ಮ ಅಳಿಯಂದಿರು ಹೇಳಿದ್ದು ಕುಂದಲಹಳ್ಳಿಯ ಮಟ್ಟಿಗೆ ನಿಜ. ಅಲ್ಲಿ ರಾಗಿ ಹೊಲವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಪೂರ್ವ ಬೆಂಗಳೂರು ಎಂದರೆ ಕುಂದಲಹಳ್ಳಿ ಒಂದೇ ಅಲ್ಲ, ಅದನ್ನು ನೋಡಬೇಕಾದ್ದು ಆ ತುದಿಯಿಂದಲೂ ಅಲ್ಲ. ಹಲಸೂರಿನಿಂದ ಶುರುಮಾಡಿ.

ಕಾರಣ ಹೇಳುತ್ತೇನೆ. ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ತೆಗೆದು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದಾಗ ಅದನ್ನು ಹಳೆಯ ಪೇಟೆಯೊಳಗೆ ಇಡಲಿಲ್ಲ. ಪೇಟೆಯಿಂದ ಪೂರ್ವಕ್ಕೆ, ಹಲಸೂರಿನ ಸುತ್ತಮುತ್ತ ಇಟ್ಟರು. ದಂಡು ಎಂದ ಮೇಲೆ ಸಿಪಾಯಿಗಳು ಮಾತ್ರ ಬರುವುದಿಲ್ಲ. ಅವರಿಗೆ ಅಕ್ಕಿ, ಮಾಂಸ ಒದಗಿಸುವ ಗುತ್ತಿಗೆದಾರರು, ದರ್ಜಿಗಳು, ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು ಎಲ್ಲರೂ ಬರಬೇಕು. ಅವರಲ್ಲಿ ಬಹುಪಾಲು ಜನ ಮದರಾಸಿನ ಕಡೆಯ ತಮಿಳರು, ದಖನಿ ಉರ್ದು ಆಡುವ ಮುಸ್ಲಿಮರು. ಅವರ ಹಿಂದೆಯೇ ಕಛ್ ಕಡೆಯ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮೊದಲ ರೈಲು ಕೂಡ ನಿಂತಿದ್ದು ದಂಡಿನ ನಿಲ್ದಾಣದಲ್ಲಿ. ಅಂದರೆ ಪೇಟೆಯ ಮುಖ ಮೈಸೂರಿನ ಕಡೆಗೆ, ದಂಡಿನ ಮುಖ ಮದರಾಸಿನ ಕಡೆಗೆ ಎಂಬಂತೆ ಒಂದೂವರೆ ಶತಮಾನಕ್ಕೂ ಹಿಂದೆಯೇ ಊರು ಎರಡಾಗಿತ್ತು. ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದದ್ದು 1949ರಲ್ಲಿ.

ಈಗ ದಾರಿ. ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಸೋಮೇಶ್ವರ ದೇವಸ್ಥಾನ ಹತ್ತಿರ. ದಂಡು ಬರುವುದಕ್ಕಿಂತ ಎಷ್ಟೋ ಮೊದಲಿನದು, ಗೋಪುರ ಮತ್ತು ಕಂಬಗಳಲ್ಲಿ ವಿಜಯನಗರದ ಕೈ ಎದ್ದು ಕಾಣುತ್ತದೆ. ಕೆಂಪೇಗೌಡರ ಹೆಸರನ್ನೂ ಅದಕ್ಕೆ ಸೇರಿಸಿ ಹೇಳುತ್ತಾರೆ. ಅಲ್ಲಿಂದ ಆಟೊದಲ್ಲಿ ಕೆರೆಯ ಬದಿಗೆ ಹೋಗಿ. ಒಂದೇ ಕೆರೆಯ ಸುತ್ತ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರ್ ಪಡೆಯ ಕೇಂದ್ರ, ಸಿಖ್ಖರ ಗುರುದ್ವಾರ, ತಿರುವಳ್ಳುವರ್ ಪ್ರತಿಮೆ ಇಷ್ಟೂ ಇವೆ. ಆ ಪ್ರತಿಮೆಯ ಕಥೆ ನಿಮಗೆ ನೆನಪಿರಬಹುದು. 1991ರಿಂದ ಹದಿನೆಂಟು ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. 2009ರ ಆಗಸ್ಟಿನಲ್ಲಿ ಇಲ್ಲಿ ಮುಸುಕು ತೆಗೆದರು, ಅದೇ ವಾರ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯನ್ನು ಅನಾವರಣ ಮಾಡಿದರು.

ಕೆರೆಯಿಂದ ಉತ್ತರಕ್ಕೆ ಕಾಕ್ಸ್ ಟೌನ್, ಫ್ರೇಜರ್ ಟೌನ್. ನಿಮಗೆ ಗೊತ್ತಿರುವ ಮಲ್ಲೇಶ್ವರಕ್ಕೂ ಫ್ರೇಜರ್ ಟೌನಿಗೂ ಹುಟ್ಟಿನ ಕಾರಣ ಒಂದೇ. 1898ರ ಪ್ಲೇಗಿನಲ್ಲಿ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತ ಮೇಲೆ ಗಾಳಿ ಬೆಳಕು ಇರುವ ಅಗಲ ಬೀದಿಗಳ ಬಡಾವಣೆ ಬೇಕೆಂದು ಪೇಟೆಯವರಿಗಾಗಿ ಅದನ್ನು ಬೆಳೆಸಿದರು, ದಂಡಿನವರಿಗಾಗಿ 1906ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಆಗಿದ್ದ ಸ್ಟುವರ್ಟ್ ಫ್ರೇಜರ್ ಅವರ ಹೆಸರು ಅದಕ್ಕೆ. ನಾಲ್ವಡಿಯವರು ಬಾಲಕರಾಗಿದ್ದಾಗ ಅವರಿಗೆ ಪಾಠ ಹೇಳಿದವರು ಇದೇ ಫ್ರೇಜರ್. ದಾಖಲೆಗಳಲ್ಲಿ ಈಗ ಪುಲಕೇಶಿನಗರ. ಕೋಲ್ಸ್ ಪಾರ್ಕಿನ ಪಕ್ಕದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಚರ್ಚಿನ ಕಲ್ಲಿನ ಕಟ್ಟಡ, ಸ್ವಲ್ಪ ಮುಂದೆ ಮಾಸ್ಕ್ ರಸ್ತೆಯಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಮಸೀದಿ. ಅದೇ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿ ಮಧ್ಯಾಹ್ನದ ಮೇಲೆಯೇ ಬಾಗಿಲು ತೆರೆಯುತ್ತದೆ. ಬೆಳಿಗ್ಗೆ ಹೋಗಿ ಬೀಗ ನೋಡಿಕೊಂಡು ಬರಬೇಡಿ.

ಮೂರನೆಯ ಪದರ ನಮ್ಮದು, ಕಾರ್ಖಾನೆಯವರದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದಿಂದ ವಿಮಾನ ಕಾರ್ಖಾನೆ ತೆರೆದರು. 1948ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ ಬಂದು ಅದರ ಸುತ್ತಲಿನ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು. ಹಾಸನ, ಮಂಡ್ಯ, ತುಮಕೂರು, ಕೋಲಾರದ ಹುಡುಗರು ಐಟಿಐ ಮುಗಿಸಿ ಇಲ್ಲಿಗೆ ಬಂದರು. ಅವರಲ್ಲಿ ನಾನೂ ಒಬ್ಬ. ನನ್ನ ಸಾಲಿನ ಲೇತುಗಳಲ್ಲಿ ಒಬ್ಬ ಪಾಲಕ್ಕಾಡಿನವನು, ಒಬ್ಬ ಕೆಜಿಎಫ್‌ನವನು, ಒಬ್ಬ ರಾಯಚೂರಿನವನು ಇದ್ದೆವು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಹುಣಿಸೆ ಅನ್ನಕ್ಕೆ ಮೂರು ಹೆಸರು. ನಿಮಗೆ ಸಮಯವಿದ್ದರೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯವನ್ನು ನೋಡಿ, 2001ರಲ್ಲಿ ತೆರೆದದ್ದು, ಮಂಡಿನೋವಿನವರಿಗೂ ಕಷ್ಟವಿಲ್ಲ.

ಇನ್ನು ವೈಟ್‌ಫೀಲ್ಡ್. ಅದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಮೆಂಟು, ದೂಳು, ಟ್ರಾಫಿಕ್ಕು.

ಉತ್ತರ 2: ಬೇಲೂರು ಕಡೆಯವಳು

ಆಲೂರಿನ ಅಣ್ಣ ಬರೆದದ್ದೆಲ್ಲ ಚೆನ್ನಾಗಿದೆ, ಕೊನೆಯ ಎರಡು ಸಾಲುಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷಗಳಿಂದ ವೈಟ್‌ಫೀಲ್ಡಿನಲ್ಲಿ ಇದ್ದೇನೆ, ನಾನೂ ಮೊದಲ ನಾಲ್ಕು ವರ್ಷ ಅವರ ಹಾಗೆಯೇ ಅಂದುಕೊಂಡಿದ್ದೆ.

ವೈಟ್‌ಫೀಲ್ಡ್ ಎಂಬ ಹೆಸರನ್ನು ಕೇಳಿದವರು ಬಿಳಿಯ ಹೊಲ ಎಂದು ಅರ್ಥ ಮಾಡುತ್ತಾರೆ. ಅದು ಒಬ್ಬ ಮನುಷ್ಯನ ಹೆಸರು. ಆಂಗ್ಲೋ ಇಂಡಿಯನ್ನರು ಸರ್ಕಾರಿ ನೌಕರಿಯನ್ನೇ ನಂಬಿಕೊಂಡಿರಬಾರದು, ಭೂಮಿ ಉತ್ತು ಸ್ವತಂತ್ರವಾಗಿ ಬದುಕಬೇಕು ಎಂದು ಮದರಾಸಿನಲ್ಲಿ ಸಂಘ ಕಟ್ಟಿದ ಡಿ. ಎಸ್. ವೈಟ್ ಎಂಬುವರ ಹೆಸರು. 1882ರಲ್ಲಿ ಚಾಮರಾಜ ಒಡೆಯರು ಆ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿ ಕೊಟ್ಟರು. ಊರಿನ ನಡುವೆ ದುಂಡಗಿನ ಬಯಲು, ಅದರ ಸುತ್ತ ಮನೆಗಳು ಎಂದು ನಕ್ಷೆ ಮಾಡಿದ್ದರು. ಇನ್ನರ್ ಸರ್ಕಲ್ ಎಂದು ಕೇಳಿದರೆ ಇವತ್ತಿಗೂ ತೋರಿಸುತ್ತಾರೆ. ಹಳೆಯ ಬಂಗಲೆಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಆದರೆ ಆ ದುಂಡು ರಸ್ತೆಯಲ್ಲಿ ನಿಂತು ಎಡಕ್ಕೆ ಹಂಚಿನ ಮಾಡು, ಬಲಕ್ಕೆ ಹದಿನೆಂಟು ಮಹಡಿ ನೋಡಿದಾಗ ಆಗುವ ಅನುಭವ ಫ್ರೇಜರ್ ಟೌನಿನಲ್ಲಿ ಆಗುವುದಿಲ್ಲ. ಕಂಪ್ಯೂಟರ್‌ನವರ ಟೆಕ್ ಪಾರ್ಕು ಸಿಂಗಪುರದವರ ಪಾಲುದಾರಿಕೆಯಲ್ಲಿ ಇಲ್ಲಿ ತೆರೆದದ್ದು 1990ರ ದಶಕದ ಕೊನೆಯಲ್ಲಿ. ಹೊರಗಿನವರನ್ನು ಕರೆದು ನೆಲೆ ಕೊಡುವುದು ಆ ಹೊತ್ತಿಗೆ ಈ ಊರಿಗೆ ನೂರು ವರ್ಷ ಹಳೆಯ ಅಭ್ಯಾಸವಾಗಿತ್ತು.

ಮೇಷ್ಟ್ರೇ, ನೀವು ಪಾಠ ಹೇಳಿದವರಾದ್ದರಿಂದ ಇನ್ನೊಂದು ಕಿವಿಮಾತು. ನೇರಳೆ ಮಾರ್ಗದ ಮೆಟ್ರೊದಲ್ಲಿ ಕೂತು ನಿಲ್ದಾಣಗಳ ಹೆಸರನ್ನು ಗಮನವಿಟ್ಟು ಕೇಳಿ. ಬೆನ್ನಿಗಾನಹಳ್ಳಿ, ಸಿಂಗಯ್ಯನಪಾಳ್ಯ, ಗರುಡಾಚಾರಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಚನ್ನಸಂದ್ರ. ಗಾಜಿನ ಗೋಡೆಗಳ ನಡುವೆ ಓಡುವ ರೈಲಿನಲ್ಲಿ ಹಳ್ಳಿ, ಪಾಳ್ಯ, ಅಗ್ರಹಾರಗಳ ಹೆಸರು ಒಂದೊಂದಾಗಿ ಬರುತ್ತವೆ. ಈ ಸಂದ್ರ ಎಂಬುದು ಸಮುದ್ರದ ಸವೆದ ರೂಪ, ಅಂದರೆ ದೊಡ್ಡ ಕೆರೆ. ನಮ್ಮ ಹಳೇಬೀಡು ದೋರಸಮುದ್ರವಾಗಿದ್ದದ್ದೂ ಕೆರೆಯಿಂದಲೇ ಅಲ್ಲವೇ? ತಿಪ್ಪಸಂದ್ರ, ಚನ್ನಸಂದ್ರಗಳು ಆ ಲೆಕ್ಕದಲ್ಲಿ ನಮ್ಮ ಊರಿನ ದಾಯಾದಿಗಳು. ಈ ಕಡೆಯ ಮಾರ್ಗದ ಹೊರತುದಿ 2023ರ ಮಾರ್ಚಿನಲ್ಲಿ ತೆರೆಯಿತು, ಬೈಯಪ್ಪನಹಳ್ಳಿಗೆ ಕೂಡಿಕೊಂಡದ್ದು ಅಕ್ಟೋಬರಿನಲ್ಲಿ. ನಡುವಿನ ಆ ಆರು ತಿಂಗಳು ಕೆ.ಆರ್. ಪುರದಲ್ಲಿ ಇಳಿದು ಬಸ್ಸು ಹತ್ತಿ ಮತ್ತೆ ಮೆಟ್ರೊ ಹಿಡಿಯುತ್ತಿದ್ದ ನಮ್ಮ ಪಾಡನ್ನು ಕೇಳಬೇಡಿ.

ಉತ್ತರ 3: ಸಕಲೇಶಪುರ ಘಾಟಿ

ಇತಿಹಾಸ ನನಗೆ ತಿಳಿಯದು, ಹೋಗುವ ವಿಧಾನ ಹೇಳುತ್ತೇನೆ. ನೀವು ಕುಂದಲಹಳ್ಳಿಯಲ್ಲೇ ಇರುವುದರಿಂದ ಬೆಳಿಗ್ಗೆ ಕಚೇರಿಯ ಜನಸಂದಣಿ ಕಳೆದ ಮೇಲೆ, ಹತ್ತೂವರೆಯ ಹೊತ್ತಿಗೆ ಮೆಟ್ರೊ ಹತ್ತಿ, ಸಂಜೆ ನಾಲ್ಕೂವರೆಯೊಳಗೆ ಹಿಂದಿರುಗಿ. ಅದರ ನಂತರ ಹೊರಟರೆ ಅಮ್ಮನವರಿಗೆ ಕೂರಲು ಜಾಗ ಸಿಗುವುದು ಅನುಮಾನ. ದೇವಸ್ಥಾನಗಳನ್ನು ನೋಡುವ ದಿನ ಮಾತ್ರ ಬೇಗ ಹೊರಡಲೇಬೇಕಾಗುತ್ತದೆ, ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಆ ದಿನಕ್ಕೆ ಭಾನುವಾರ ಉತ್ತಮ. ಆಟೊದವರಿಗೆ ಪುಲಕೇಶಿನಗರ ಎಂದು ಹೇಳಬೇಡಿ, ಫ್ರೇಜರ್ ಟೌನ್ ಎನ್ನಿ.

ಉತ್ತರ 4: ಹಳೇಬೀಡಿನ ಶಾಸನ ಹವ್ಯಾಸಿ

ಎಲ್ಲರೂ 1809ರಿಂದಲೇ ಎಣಿಸಲು ಶುರುಮಾಡಿದ್ದಾರೆ. ಸೋಮೇಶ್ವರನನ್ನು ಹೆಸರಿಗೆ ಮುಟ್ಟಿ ದಂಡಿಗೆ ಓಡಿದ್ದಾರೆ. ಹಾಸನ ಜಿಲ್ಲೆಯವರಾಗಿ ನಾವು ಇನ್ನೂ ಐನೂರು ಆರುನೂರು ವರ್ಷ ಹಿಂದಕ್ಕೆ ಹೋಗದಿದ್ದರೆ ಹೊಯ್ಸಳರಿಗೆ ಅವಮಾನ!

ಇಂದಿರಾನಗರ ನಿಲ್ದಾಣದಲ್ಲಿ ಇಳಿದು ಆಟೊದಲ್ಲಿ ದೊಮ್ಮಲೂರಿಗೆ ಹೋಗಿ. ಮನೆಗಳ ನಡುವೆ ಚೊಕ್ಕನಾಥಸ್ವಾಮಿ ದೇವಸ್ಥಾನವಿದೆ. ಚೋಳರ ಕಾಲದ್ದೆಂದು ಹೇಳುವ ಗುಡಿ, ಅದರಲ್ಲಿ ತಮಿಳು ಶಾಸನಗಳಿವೆ, ಅವುಗಳಲ್ಲಿ ಹೊಯ್ಸಳ ವೀರ ರಾಮನಾಥನ ಕಾಲದವೂ ಸೇರಿವೆ. ಊರಿನ ಹೆಸರು ಅಲ್ಲಿ ತೊಂಬಲೂರು, ದೇಸಿಮಾಣಿಕ್ಕಪಟ್ಟಣ ಎಂದು ಬರುತ್ತದೆ. ಹೊಯ್ಸಳರ ಶಾಸನ ತಮಿಳಿನಲ್ಲಿ ಏಕೆ ಎಂಬುದೇ ನಿಮ್ಮ ಪ್ರಶ್ನೆಗೆ ಮೊದಲ ಉತ್ತರ. ದೊರೆ ಸೋಮೇಶ್ವರನ ನಂತರ, ಹದಿಮೂರನೆಯ ಶತಮಾನದ ನಡುವಿನಲ್ಲಿ, ರಾಜ್ಯ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ಮೂರನೆಯ ನರಸಿಂಹ ದೋರಸಮುದ್ರದಲ್ಲಿ ಉಳಿದ. ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣಾನೂರು, ತಮಿಳು ಸೀಮೆ, ಜೊತೆಗೆ ಕೋಲಾರದ ಕಡೆಯ ಈ ಪೂರ್ವ ಭಾಗ ಸೇರಿತು. ಮುಂದೆ ಅವನು ಹೊಸೂರಿನ ಕಡೆಯ ಕುಂದಾಣಿಗೆ ಬಂದು ನೆಲೆಸಿದ. ಎರಡನ್ನೂ ಮತ್ತೆ ಒಂದು ಮಾಡಿದವನು ಮೂರನೆಯ ಬಲ್ಲಾಳ. ಅಣ್ಣತಮ್ಮಂದಿರ ಪಾಲು ಪಾರೀಕತ್ತಿನ ಗೆರೆ ಹೆಚ್ಚುಕಡಿಮೆ ಇಲ್ಲೇ ಎಲ್ಲೋ ಹಾದುಹೋಗಿತ್ತು ಎಂದಿಟ್ಟುಕೊಳ್ಳಿ.

ನೆಲದ ಇಳಿಜಾರನ್ನೂ ಗಮನಿಸಿ. ಬೆಂಗಳೂರು ದಿಬ್ಬದ ಮೇಲಿನ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗಿ ನಮ್ಮ ಹೇಮಾವತಿಯ ನೀರಿನ ಜೊತೆ ಸೇರುತ್ತದೆ. ಹಲಸೂರಿನ ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಇಳಿಯುತ್ತದೆ. ಬೆಳ್ಳಂದೂರಿನಲ್ಲಿ ಈಗ ನೊರೆ ಹರಿಯುತ್ತದೆ ಎಂಬುದು ಬೇರೆ ಮಾತು.

ಪ್ರಶ್ನೆ ಕೇಳಿದವರು: ಹಾಸನದ ನಿವೃತ್ತ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನ ಸುತ್ತಿ ನಿನ್ನೆ ಹಾಸನಕ್ಕೆ ಮರಳಿದೆವು.

ಮೊದಲ ದಿನ ಭಾನುವಾರ. ಬೆಳಿಗ್ಗೆಯೇ ದೊಮ್ಮಲೂರಿಗೆ ಹೋದೆವು. ಹಳೇಬೀಡಿನವರು ಹೇಳಿದ ಬರಹ ಬಾಗಿಲುವಾಡದ ಕಲ್ಲಿನ ಮೇಲಿದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರಗಳು ಕಣ್ಣಿಗೆ ಹತ್ತುತ್ತವೆ, ಕೆಳಗಿನ ಸಾಲುಗಳು ಕೈ ಸೋಕಿ ಸೋಕಿ ನುಣುಪಾಗಿವೆ. ನನಗೆ ಓದಲು ಬರುವುದಿಲ್ಲವೆಂದು ಪಕ್ಕದಲ್ಲಿ ಹೂವು ಹಿಡಿದು ನಿಂತಿದ್ದ ತಮಿಳು ಅಜ್ಜಿಯೊಬ್ಬರನ್ನು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ಎರಡು ಅಕ್ಷರ ಓದಿ, ಮೂರನೆಯದಕ್ಕೆ ನಿಂತು, "ಇದು ನಮ್ಮ ಬಾಷೆನೇ ಸಾರ್, ಆದ್ರೆ ನಂಗೂ ಬರಲ್ಲ" ಎಂದು ನಕ್ಕುಬಿಟ್ಟರು. ಹಲ್ಮಿಡಿ ಶಾಸನದ ಪ್ರತಿಯ ಮುಂದೆ ನಿಲ್ಲಿಸಿದಾಗ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಹೇಳುತ್ತಿದ್ದುದು ಇದೇ ಮಾತು. ಆ ಅಜ್ಜಿಯ ಅಜ್ಜ ದಂಡಿನಲ್ಲಿ ದರ್ಜಿಯಾಗಿದ್ದರಂತೆ. ಮಗ ವಿಮಾನ ಕಾರ್ಖಾನೆಯಲ್ಲಿದ್ದು ನಿವೃತ್ತ, ಮೊಮ್ಮಗಳು ವೈಟ್‌ಫೀಲ್ಡಿನ ಕಂಪನಿಯಲ್ಲಿ. ನೀವು ಮೂವರು ಬೇರೆಬೇರೆಯಾಗಿ ಬರೆದದ್ದನ್ನು ಅವರು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಿದರು.

ಎರಡನೆಯ ದಿನ ಹಲಸೂರು ಕೆರೆ, ಫ್ರೇಜರ್ ಟೌನ್. ಸಕಲೇಶಪುರದವರ ಎಚ್ಚರಿಕೆಯನ್ನು ಮರೆತು ನಾನು ಪುಲಕೇಶಿನಗರ ಎಂದೇ ಹೇಳಿದೆ. ಆಟೊದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದು ಯಾವ ಊರಿನಲ್ಲಿ ಬರುತ್ತದೆ ಎಂದು ಕೇಳಿದ. ಆಲ್ಬರ್ಟ್ ಬೇಕರಿಯ ಮುಂದೆ ನಮ್ಮವರು ಕುಳಿತುಕೊಳ್ಳಲು ಕಟ್ಟೆ ಹುಡುಕುತ್ತಿದ್ದಾಗ ಎದುರಿನ ಅಂಗಡಿಯವರು ತಾವಾಗಿಯೇ ಸ್ಟೂಲು ತಂದು ಹಾಕಿದರು. ನಾವು ಹಾಸನದವರೆಂದು ತಿಳಿದ ಕೂಡಲೇ ಈ ಸಲ ಆಲೂಗಡ್ಡೆ ಬೆಳೆ ಹೇಗಿದೆ ಎಂದು ವಿಚಾರಿಸಿದರು.

ಇನ್ನರ್ ಸರ್ಕಲ್ ವಿಷಯದಲ್ಲಿ ನನ್ನ ಮತ ಬೇಲೂರಿನ ತಂಗಿಗೆ. ಆಲೂರಿನವರು ಬೇಸರ ಮಾಡಿಕೊಳ್ಳಬಾರದು. ಒಂದು ಹಳೆಯ ಮನೆಯ ಗೇಟಿನ ಪಕ್ಕ ಬಾವಿಯ ಕಟ್ಟೆ ಹಾಗೇ ಇತ್ತು, ಅದರ ಮೇಲೆ ಯಾರೋ ಕೊರಿಯರ್ ಪೊಟ್ಟಣಗಳನ್ನು ಪೇರಿಸಿಟ್ಟಿದ್ದರು. ಅಳಿಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಏಳು ವರ್ಷದಿಂದ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರೂ ಅವರು ಆ ತಿರುವಿನಲ್ಲಿ ಒಳಗೆ ಹೋಗಿರಲಿಲ್ಲ. ರಾಗಿ ಹೊಲದ ಮಾತನ್ನು ಅವರು ಇನ್ನೂ ಬಿಟ್ಟಿಲ್ಲ, ಆದರೆ ಈಗ "ಕುಂದಲಹಳ್ಳಿಯ ಮಟ್ಟಿಗೆ" ಎಂದು ಸೇರಿಸಿ ಹೇಳುತ್ತಾರೆ.

ವಿಮಾನ ಸಂಗ್ರಹಾಲಯ ಉಳಿದುಕೊಂಡಿತು. ಮುಂದಿನ ತಿಂಗಳು ಅದನ್ನು ನೋಡಿಕೊಂಡು ಹೊಸಕೋಟೆಯವರೆಗೆ ಹೋಗಿಬರುವ ಯೋಚನೆಯಿದೆ. ವೈಟ್‌ಫೀಲ್ಡ್ ಮೆಟ್ರೊದಿಂದ ಅಲ್ಲಿಗೆ ನೇರ ಬಸ್ಸು ಹಿಡಿಯುವುದು ವಾಸಿಯೋ, ಕೆ.ಆರ್. ಪುರಕ್ಕೆ ಬಂದು ಹತ್ತುವುದು ವಾಸಿಯೋ, ಬಲ್ಲವರು ತಿಳಿಸಬೇಕು.